ಆ ಕೊನೆಯ ಕಾಲಂ ನಿಮ್ಮ ಪ್ರಶ್ನೆಯದ್ದಲ್ಲ

ಎಂ.ಎಡ್., ಪಿಎಚ್.ಡಿ. ಮಾಡುವವರು ಡೇಟಾ ತೋರಿಸೋಕೆ ರಾಯಚೂರಿಗೆ ನನ್ನ ಹತ್ತಿರ ಬರುತ್ತಾರೆ. ಮಾನ್ವಿ, ಸಿಂಧನೂರು, ದೇವದುರ್ಗ, ಲಿಂಗಸುಗೂರು, ಎಲ್ಲ ಕಡೆಯಿಂದ. ಹೆಚ್ಚಿನವರು ಒಂದೇ ತಪ್ಪು ಮಾಡಿಕೊಂಡು ಬಂದಿರುತ್ತಾರೆ. ಎಸ್‌ಪಿಎಸ್‌ಎಸ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್ ಪ್ರಶ್ನಾವಳಿಯ ಒಂದೊಂದು ಪ್ರಶ್ನೆಯ (ಹೇಳಿಕೆಯ) ಬಗ್ಗೆ ಕೊಡುವ ಐಟಂ-ಟೋಟಲ್ ಟೇಬಲ್‌ನ ಕೊನೆಯ ಕಾಲಂ ಇದೆಯಲ್ಲ, ‘ಆಲ್ಫಾ ಇಫ್ ಐಟಂ ಡಿಲೀಟೆಡ್’ ಅಂತ, ಅದನ್ನು ಆಯಾ ಪ್ರಶ್ನೆಯ ವಿಶ್ವಾಸಾರ್ಹತೆ ಅಂದುಕೊಂಡಿರುತ್ತಾರೆ. (ಆಲ್ಫಾ ಅಂದರೆ ಪ್ರಶ್ನಾವಳಿಯ ಪ್ರಶ್ನೆಗಳೆಲ್ಲ ಸೇರಿ ಕೊಡುವ ಒಟ್ಟು ಅಂಕ ಎಷ್ಟು ನಂಬಿಕೆಗೆ ಅರ್ಹ ಅಂತ ಹೇಳುವ ಅಂಕಿ. 1ಕ್ಕೆ ಹತ್ತಿರವಾದಷ್ಟೂ ಗಟ್ಟಿ.) ಥೀಸಿಸ್‌ನಲ್ಲೂ ಹಾಗೇ ಬರೆದಿರುತ್ತಾರೆ: ‘7ನೇ ಹೇಳಿಕೆಯ ವಿಶ್ವಾಸಾರ್ಹತೆ 0.79’.

ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಆ 0.79 ಏಳನೇ ಹೇಳಿಕೆಯದ್ದಲ್ಲ. 20 ಹೇಳಿಕೆಗಳಲ್ಲಿ ಏಳನೆಯದನ್ನು ಪಕ್ಕಕ್ಕಿಟ್ಟ ಮೇಲೆ ಉಳಿದ 19 ಹೇಳಿಕೆಗಳದ್ದು. ಭತ್ತದ ಲಾರಿಯಿಂದ ಒಂದು ಚೀಲ ಇಳಿಸಿ ಲಾರಿಯನ್ನು ವೇಬ್ರಿಜ್ ಮೇಲೆ ನಿಲ್ಲಿಸಿದರೆ ಬರುವ ತೂಕ ಲಾರಿಯದ್ದು, ಇಳಿಸಿದ ಚೀಲದ್ದಲ್ಲ ಅಲ್ವಾ? ಲಾರಿಯ ವಿಷಯದಲ್ಲಾದರೂ ಮೊದಲಿನ ತೂಕದಿಂದ ಕಳೆದರೆ ಚೀಲದ ತೂಕ ಸಿಗುತ್ತದೆ, ಆಲ್ಫಾದಲ್ಲಿ ಹಾಗೆ ಕಳೆಯೋಕೂ ಬರುವುದಿಲ್ಲ.

ಇದು ಸುಮ್ನೆ ಹೆಸರಿನ ತಕರಾರಲ್ಲ. ಲಿಂಗಸುಗೂರು ಕಡೆಯ ಒಬ್ಬ ಮೇಷ್ಟ್ರು, ಬಹಳ ಶ್ರದ್ಧೆಯ ಮನುಷ್ಯ, ಹೈಸ್ಕೂಲ್ ಮಕ್ಕಳ ಪರೀಕ್ಷಾ ಭಯದ ಮೇಲೆ 20 ಹೇಳಿಕೆಗಳ ಸ್ಕೇಲ್ (ಅಳೆಯುವ ಪ್ರಶ್ನಾವಳಿ) ಮಾಡಿದ್ದರು. ಒಟ್ಟು ಆಲ್ಫಾ 0.80 ಬಂದಿತ್ತು. ಕೊನೆಯ ಕಾಲಂನಲ್ಲಿ 0.80ಕ್ಕಿಂತ ಕಡಿಮೆ ಇದ್ದವನ್ನೆಲ್ಲ ತೆಗೆದುಹಾಕಿ, ಜಾಸ್ತಿ ಇದ್ದವನ್ನು ಉಳಿಸಿಕೊಂಡಿದ್ದರು. “ಮೇಡಂ, ಚಲೋವು ಇಟ್ಕೊಂಡೀನ್ರಿ, ಆದ್ರೂ ಆಲ್ಫಾ ಇಳಿದೈತಿ. ಸಾಫ್ಟ್‌ವೇರ್‌ದಾಗ ಏನಾರ ತಪ್ಪೈತೇನ್ರಿ?” ಅಂತ ಕೇಳಿದರು. ಸಾಫ್ಟ್‌ವೇರ್ ಸರಿಯಾಗೇ ಇತ್ತು. ಒಂದು ಹೇಳಿಕೆ ತೆಗೆದಾಗ ಆಲ್ಫಾ ಏರಿದರೆ, ಆ ಹೇಳಿಕೆ ಉಳಿದವುಗಳ ಜೊತೆ ಹೊಂದುತ್ತಿಲ್ಲ ಅಂತ ಅರ್ಥ. ತೆಗೆದಾಗ ಇಳಿದರೆ ಅದು ಕೆಲಸ ಮಾಡುತ್ತಿತ್ತು ಅಂತ. ಅವರು ಕೆಲಸ ಮಾಡುವವನ್ನೇ ಆರಿಸಿ ಆರಿಸಿ ಹೊರಗೆ ಹಾಕಿದ್ದರು.

ಹಾಗಾದರೆ ಒಂದೇ ಹೇಳಿಕೆಯ ವಿಶ್ವಾಸಾರ್ಹತೆ ಅಂದಾಜು ಮಾಡೋಕೆ ಆಗುತ್ತದಾ? ಆಗುತ್ತದೆ. ಅದಕ್ಕೆ ಬೇಕಾದ ಎರಡು ಅಂಕಿಗಳೂ ಅದೇ ಟೇಬಲ್‌ನಲ್ಲಿವೆ. ‘ಕರೆಕ್ಟೆಡ್ ಐಟಂ-ಟೋಟಲ್ ಕೋರಿಲೇಶನ್’ ಅನ್ನುವ ಕಾಲಂ ನೋಡಿ. ಆ ಹೇಳಿಕೆಗೂ ಉಳಿದವುಗಳ ಮೊತ್ತಕ್ಕೂ ಇರುವ ಸಹಸಂಬಂಧ ಅದು, ಅಂದರೆ ಎರಡೂ ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಅನ್ನುವುದು. ಅದರ ವರ್ಗ ತೆಗೆದು, ಕೊನೆಯ ಕಾಲಂನ ಆಲ್ಫಾದಿಂದ ಭಾಗಿಸಿ. ಸಹಸಂಬಂಧ 0.40, ಆಲ್ಫಾ 0.79 ಇದ್ದರೆ, 0.16 ಭಾಗಿಸು 0.79, ಅಂದರೆ ಸುಮಾರು 0.20. ಇದರ ಬೇರು ಬ್ರಿಟಿಷ್ ಮನೋವಿಜ್ಞಾನಿ ಸ್ಪಿಯರ್‌ಮನ್ 1904ರಲ್ಲೇ ಕೊಟ್ಟ ತಿದ್ದುಪಡಿ ಸೂತ್ರದಲ್ಲಿದೆ, ಅಳತೆಯ ದೋಷದಿಂದ ತಗ್ಗಿದ ಸಹಸಂಬಂಧವನ್ನು ಸರಿಪಡಿಸುವ ಸೂತ್ರ ಅದು. ಇನ್ನೊಂದು ಹೇಳಿಕೆಯ ಸಹಸಂಬಂಧ ಬರೀ 0.05, ಕೊನೆಯ ಕಾಲಂ 0.82 ಅಂತಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಅದರ ವಿಶ್ವಾಸಾರ್ಹತೆ ಹೆಚ್ಚುಕಡಿಮೆ ಸೊನ್ನೆ. ಕೊನೆಯ ಕಾಲಂ ನಂಬಿದವರಿಗೆ ಅದೇ ಎಲ್ಲಕ್ಕಿಂತ ಒಳ್ಳೆಯ ಹೇಳಿಕೆ!

ಇಲ್ಲೊಂದು ಎಚ್ಚರಿಕೆ. ಆ ಹೇಳಿಕೆಯೂ ಉಳಿದವು ಅಳೆಯುವುದನ್ನೇ ಅಳೆಯುತ್ತದೆ ಅಂತ ಒಪ್ಪಿಕೊಂಡು ಮಾಡಿದ ಅಂದಾಜು ಇದು. ಸ್ವಲ್ಪ ಬೇರೆಯದನ್ನು ಅಳೆಯುತ್ತಿದ್ದರೆ ನಿಜವಾದದ್ದು ಇದಕ್ಕಿಂತ ಜಾಸ್ತಿಯೇ ಇರಬಹುದು. ಎರಡು ಮೂರು ವಾರ ಬಿಟ್ಟು ಅದೇ ಮಕ್ಕಳಿಗೆ ಮತ್ತೆ ಕೇಳಿ ಎರಡು ಉತ್ತರ ಹೋಲಿಸುವುದು ಇನ್ನೊಂದು ದಾರಿ. ಆದರೆ ಹಿಂದಿನ ಉತ್ತರ ನೆನಪಿರುತ್ತದೆ. ನಡುವೆ ಪರೀಕ್ಷೆ ಬಂದುಹೋದರೆ ಭಯವೇ ಬದಲಾಗಿರುತ್ತದೆ.

0.20 ಅಂದ ಕೂಡಲೇ ಎಲ್ಲರ ಮುಖ ಬಾಡುತ್ತದೆ. ಗಾಬರಿ ಬೇಡ. 20 ಹೇಳಿಕೆಗಳ ಸ್ಕೇಲ್‌ನ ಆಲ್ಫಾ 0.80 ಇದ್ದರೆ, ಹೇಳಿಕೆಗಳ ಸಂಖ್ಯೆ ಬದಲಾದಾಗ ವಿಶ್ವಾಸಾರ್ಹತೆ ಎಷ್ಟಾಗುತ್ತದೆ ಅಂತ ಹೇಳುವ ಸ್ಪಿಯರ್‌ಮನ್-ಬ್ರೌನ್ ಸೂತ್ರವನ್ನು ಹಿಂದಕ್ಕೆ ನಡೆಸಿದಾಗ ಒಂದೊಂದರ ಪಾಲಿಗೆ ಬರುವುದು ಸುಮಾರು 0.17. ಒಂದೊಂದೂ ದುರ್ಬಲ, ಇಪ್ಪತ್ತು ಸೇರಿ ಗಟ್ಟಿ. ಅದಕ್ಕೇ ಅಲ್ವಾ ನಾವು ಇಪ್ಪತ್ತು ಕೇಳುವುದು? 0.70 ಬೇಕು ಅನ್ನುವ ರೂಢಿ ಇಡೀ ಸ್ಕೇಲ್‌ಗೆ. ಅದನ್ನು ಒಂದೊಂದು ಹೇಳಿಕೆಯ ಮೇಲೆ ಹೇರಬೇಡಿ. ಹಾಗಂತ ಒಂಟಿ ಪ್ರಶ್ನೆ ಯಾವಾಗಲೂ ದುರ್ಬಲ ಅಂತಲೂ ಅಲ್ಲ. ‘ಒಟ್ಟಾರೆ ನಿಮ್ಮ ಕೆಲಸ ನಿಮಗೆ ತೃಪ್ತಿ ಕೊಟ್ಟಿದೆಯಾ’ ಅನ್ನುವಂಥ ಒಂದೇ ಪ್ರಶ್ನೆಗೆ ಕನಿಷ್ಠ 0.70ರ ಹತ್ತಿರ ಬರುತ್ತದೆ ಅಂತ 1997ರಲ್ಲಿ ಅಮೆರಿಕದ ಮೂವರು ಸಂಶೋಧಕರು ಅಂದಾಜು ಮಾಡಿದ್ದರು. ನೇರವಾದ, ಎಲ್ಲರಿಗೂ ಗೊತ್ತಿರುವ ವಿಷಯಕ್ಕೆ ಅದು ಸಾಧ್ಯ. ಪರೀಕ್ಷಾ ಭಯದಂಥ ಹಲವು ಮುಖಗಳ ವಿಷಯಕ್ಕೆ ಕಷ್ಟ.

ಸಹಸಂಬಂಧ ಮೈನಸ್ ಬಂದಿದ್ದರೆ ಹೇಳಿಕೆ ಕೆಟ್ಟದ್ದು ಅನ್ನುವ ಮೊದಲು ಕೋಡಿಂಗ್, ಅಂದರೆ ಉತ್ತರಗಳಿಗೆ ಅಂಕ ಹಾಕಿದ ರೀತಿ, ನೋಡಿ. ‘ಪರೀಕ್ಷೆ ದಿನ ನಾನು ನೆಮ್ಮದಿಯಾಗಿರುತ್ತೇನೆ’ ಅನ್ನುವುದಕ್ಕೆ ಅಂಕ ತಿರುಗಿಸಿ ಹಾಕಬೇಕು. ಎಷ್ಟೋ ಒಳ್ಳೆಯ ಹೇಳಿಕೆಗಳು ಇಷ್ಟಕ್ಕೇ ಬಲಿಯಾಗಿವೆ, ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಇನ್ನು 30 ಮಕ್ಕಳ ಪೈಲಟ್, ಅಂದರೆ ಮುಖ್ಯ ಅಧ್ಯಯನಕ್ಕೆ ಮೊದಲಿನ ಚಿಕ್ಕ ಪ್ರಯೋಗ. ಅಷ್ಟು ಕಡಿಮೆ ಜನರಲ್ಲಿ 0.40 ಅಂತ ಬಂದ ಸಹಸಂಬಂಧ, ನಿಜವಾಗಿ 0.05ರಿಂದ 0.66ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಅಂಥ ಅಲುಗಾಡುವ ಅಂಕಿ ಕಡಿಮೆ ಬಂತು ಅಂತ ‘ಪರೀಕ್ಷೆ ದಿನ ಊಟ ಸೇರಲ್ಲ’ ಅನ್ನುವ ಹೇಳಿಕೆಯನ್ನು ಕಿತ್ತುಹಾಕುತ್ತಾರೆ, ಕೈ ನಡುಗುವುದು ಹೋಗುತ್ತದೆ, ನಿದ್ದೆ ಬರದಿರುವುದೂ ಹೋಗುತ್ತದೆ. ಕೊನೆಗೆ ‘ಭಯ ಆಗುತ್ತದೆ’ ಅನ್ನುವುದನ್ನೇ ನಾಲ್ಕು ರೀತಿಯಲ್ಲಿ ಕೇಳುವ ಹೇಳಿಕೆಗಳು ಉಳಿದು, ಆಲ್ಫಾ ಚೆನ್ನಾಗಿ ಕಾಣುತ್ತದೆ. ಹಾಸ್ಟೆಲ್‌ನಲ್ಲಿ ಊಟ ಬಿಟ್ಟು ಕೂತ ಹುಡುಗಿ ಆ ಸ್ಕೇಲ್‌ನ ಕಣ್ಣಿಗೇ ಬೀಳುವುದಿಲ್ಲ.

ಆದ್ದರಿಂದ ಬರುವಾಗ ಬರೀ ಟೇಬಲ್‌ನ ಪ್ರಿಂಟ್ ತರಬೇಡಿ. ಮೂಲ ಎಕ್ಸೆಲ್ ಫೈಲ್ ತನ್ನಿ, ಪ್ರಶ್ನಾವಳಿ ತನ್ನಿ, ನೀವಾಗಲೇ ತೆಗೆದುಹಾಕಿದ ಹೇಳಿಕೆಗಳ ಉತ್ತರಗಳನ್ನೂ ಸೇರಿಸಿ ತನ್ನಿ. ಕೆಲವನ್ನು ವಾಪಸ್ ಹಾಕಬೇಕಾಗಬಹುದು.