ಅಂಚೆಚೀಟಿಯ ಡೂರಿಯನ್: ಘಮವೋ, ನಾತವೋ?

ಹಣ್ಣಿನ ಚಿತ್ರವಿರುವ ಅಂಚೆಚೀಟಿಗಳನ್ನೇ ಆರಿಸಿ ಕೂಡಿಡುವ ಸಂಗ್ರಾಹಕರಲ್ಲಿ ಕಟು ವಾಸನೆಯ ಡೂರಿಯನ್ ಹಣ್ಣಿನ ಬಗ್ಗೆ ಒಮ್ಮತ ಮೂಡುವುದು ಅಪರೂಪ. ಇಂಡೊನೇಷ್ಯಾ, ಮಲೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳು ಈ ಹಣ್ಣನ್ನು ತಮ್ಮ ಅಂಚೆಚೀಟಿಗಳಲ್ಲಿ ಅಭಿಮಾನದಿಂದ ಅಚ್ಚು ಹಾಕಿಸಿವೆ. ಆ ನಾಡುಗಳಲ್ಲಿ ಬೆಳೆದವರಿಗೆ ಮುಳ್ಳುಸಿಪ್ಪೆಯ ನಡುವೆ ಹಳದಿ ತೊಳೆ ಕಾಣುವ ಆ ಚಿತ್ರವನ್ನು ನೋಡಿದರೆ ಬಾಯಲ್ಲಿ ನೀರೂರುತ್ತದೆ. ಒಮ್ಮೆ ಮೂಸಿ ಮೂಗು ಮುಚ್ಚಿಕೊಂಡವರಿಗೆ ಹೊಟ್ಟೆ ತೊಳಸುತ್ತದೆ. ಇಬ್ಬರ ಮಾತೂ ನಿಜವೆಂದೇ ನನ್ನ ನಂಬಿಕೆ, ಮತ್ತು ಅದಕ್ಕೆ ರಸಾಯನವಿಜ್ಞಾನದ ಬೆಂಬಲವಿದೆ.

ಚಿತ್ರವನ್ನಷ್ಟೇ ಕಂಡ ನಮ್ಮವರು ಇದನ್ನು ಹಲಸಿನ ಜಾತಿಗೆ ಸೇರಿಸಿಬಿಡುತ್ತಾರೆ. ಹಲಸು ಅಸಂಖ್ಯ ಪುಟ್ಟ ಹೂಗಳು ಒಂದಾಗಿ ಬಲಿತ ಹಣ್ಣು. ಡೂರಿಯನ್ ಒಂದೇ ಹೂವಿನಿಂದ ಬೆಳೆದು, ಸಾಮಾನ್ಯವಾಗಿ ಐದು ಹೋಳಾಗಿ ಬಿರಿಯುವ ಕಾಯಿ. ದಾಸವಾಳ, ಹತ್ತಿ, ಬೆಂಡೆ, ಕೋಕೋ ಇವೆಲ್ಲ ಅದರ ಕುಟುಂಬದವು. ರಾತ್ರಿ ಅರಳುವ ಅದರ ಹೂಗಳಿಗೆ ಮಕರಂದ ಹೀರಲು ಬರುವ ಬಾವಲಿಗಳೇ ಮುಖ್ಯ ಪರಾಗವಾಹಕರು.

ವಾಸನೆಯ ಲೆಕ್ಕ ಸಿಕ್ಕಿದ್ದು ಈಚೆಗೆ. 2012ರಲ್ಲಿ ಜರ್ಮನಿಯ ಆಹಾರ ರಸಾಯನ ಸಂಶೋಧಕರು ಥಾಯ್ಲೆಂಡಿನ ಮೊಂಥಾಂಗ್ ತಳಿಯ ತೊಳೆಯನ್ನು ವಿಶ್ಲೇಷಿಸಿ, ಮೂಗಿಗೆ ತಿಳಿಯುವ 44 ಸಂಯುಕ್ತಗಳನ್ನು ಪತ್ತೆಹಚ್ಚಿ, ಅವುಗಳಲ್ಲಿ 41ನ್ನು ಗುರುತಿಸಿದರು. ಆ ಅಧ್ಯಯನದಲ್ಲಿ ಮಾಗಿದ ಹಣ್ಣಿನ, ಜೇನಿನ, ಕಾಸಿದ ಸಕ್ಕರೆಯ, ಹುರಿದ ಈರುಳ್ಳಿಯ ವಾಸನೆಗಳ ಜೊತೆಗೆ ಕೊಳೆತ ಮೊಟ್ಟೆಯನ್ನು ನೆನಪಿಸುವ ಹೈಡ್ರೋಜನ್ ಸಲ್ಫೈಡ್ ಕೂಡ ಕಂಡುಬಂತು. ಮತ್ತೊಂದು ಘಟಕವಾದ ಈಥೇನ್‌ಥಯೋಲ್ ನಮ್ಮ ಪ್ರತಿಯೊಂದು ಅಡುಗೆಮನೆಗೂ ಪರಿಚಿತ: ಸಿಲಿಂಡರಿನ ಅನಿಲ ಸೋರಿದರೆ ಗೊತ್ತಾಗಲೆಂದು ಅದಕ್ಕೆ ಬೆರೆಸುವ, ಮರ್‌ಕ್ಯಾಪ್ಟನ್ ಎಂದು ಕರೆಯುವ ವಸ್ತು ಅದೇ. 2018ರಲ್ಲಿ ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅನಿಲ ಸೋರಿದೆಯೆಂದು ನೂರಾರು ಜನರನ್ನು ಹೊರಗೆ ಕಳಿಸಬೇಕಾಯಿತು. ಹುಡುಕಿದಾಗ ಸಿಕ್ಕಿದ್ದು ಬೀರುವಿನಲ್ಲಿ ಕೊಳೆಯುತ್ತಿದ್ದ ಡೂರಿಯನ್.

ಇನ್ನೂ ಸ್ವಾರಸ್ಯದ ಸಂಗತಿ 2017ರಲ್ಲಿ ತಿಳಿಯಿತು. ಇಷ್ಟೆಲ್ಲ ಸಂಯುಕ್ತಗಳಿದ್ದರೂ, ಹಣ್ಣಿನ ಘಮದ ಒಂದು ಎಸ್ಟರ್ ಮತ್ತು ಹುರಿದ ಈರುಳ್ಳಿಯ ವಾಸನೆಯ ಒಂದು ಗಂಧಕಯುಕ್ತ ಥಯೋಲ್, ಈ ಎರಡನ್ನೇ ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ಡೂರಿಯನ್ನಿನ ವಾಸನೆ ಬಹುಮಟ್ಟಿಗೆ ಮೂಡಿಬರುತ್ತದೆ. ಸಂಗ್ರಾಹಕರ ಎರಡು ಪಕ್ಷಗಳೂ ಆ ಮಿಶ್ರಣದಲ್ಲೇ ಇವೆ: ಒಬ್ಬರ ಮೂಗು ಎಸ್ಟರನ್ನು ಹಿಡಿಯುತ್ತದೆ, ಇನ್ನೊಬ್ಬರದು ಥಯೋಲನ್ನು. ಯಾವುದು ಮುಂದಾಗುತ್ತದೆ ಎಂಬುದರಲ್ಲಿ ಅಭ್ಯಾಸದ ಪಾಲು ದೊಡ್ಡದು. ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಮಲಕ್ಕಾದಲ್ಲಿ ಮೊದಲ ಸಲ ಈ ಹಣ್ಣು ಎದುರಾದಾಗ ನಾತಕ್ಕೆ ಬೇಸತ್ತಿದ್ದರು. ಬೋರ್ನಿಯೊದಲ್ಲಿ ನೆಲಕ್ಕೆ ಬಿದ್ದಿದ್ದ ಮಾಗಿದ ಹಣ್ಣನ್ನು ಬಯಲಲ್ಲೇ ತಿಂದ ಮೇಲೆ ಅದರ ದೊಡ್ಡ ಅಭಿಮಾನಿಯಾದರು. ಹಣ್ಣಿನ ಮಟ್ಟಿಗೆ ಇಷ್ಟು ಕಟುವಾದ ವಾಸನೆ ವ್ಯರ್ಥವಲ್ಲ. ದಟ್ಟ ಕಾಡಿನಲ್ಲಿ ಬೀಜ ಹೊತ್ತೊಯ್ಯುವ ಪ್ರಾಣಿಗಳನ್ನು ದೂರದಿಂದಲೇ ಕರೆಯುವುದು ಅದರ ಕೆಲಸವೆಂದು ಜೀವವಿಜ್ಞಾನಿಗಳು ವಿವರಿಸುತ್ತಾರೆ.

ಹಾಗಾದರೆ ಅಂಚೆಚೀಟಿಯಲ್ಲೂ ಆ ವಾಸನೆ ಇರಬೇಕೇ? ಕೇಳಲೇಬೇಕಾದ ಪ್ರಶ್ನೆ ಇದು. ಭೂತಾನ್ 1973ರಲ್ಲೇ ಗುಲಾಬಿ ಪರಿಮಳದ ಚೀಟಿಗಳನ್ನು ತಂದಿತು. ಭಾರತೀಯ ಅಂಚೆ ಇಲಾಖೆ 2006ರಲ್ಲಿ ಶ್ರೀಗಂಧದ, 2017ರಲ್ಲಿ ಬೆಂಗಳೂರಿನಲ್ಲಿ ಕಾಫಿಯ ಪರಿಮಳದ ಚೀಟಿಗಳನ್ನು ಬಿಡುಗಡೆ ಮಾಡಿತು. ಇಂಥ ಚೀಟಿಗಳಲ್ಲಿ ಸಾಮಾನ್ಯವಾಗಿ ಸುಗಂಧತೈಲವನ್ನು ಕಣ್ಣಿಗೆ ಕಾಣದಷ್ಟು ಚಿಕ್ಕ ಕೋಶಗಳಲ್ಲಿ ತುಂಬಿ ಕಾಗದಕ್ಕೆ ಲೇಪಿಸುತ್ತಾರೆ. ಬೆರಳಿನಿಂದ ಉಜ್ಜಿದಾಗ ಕೋಶ ಒಡೆದು ಪರಿಮಳ ಹೊರಬರುತ್ತದೆ. ಡೂರಿಯನ್ನಿಗೂ ಎರಡೇ ವಸ್ತು ಸಾಕಾಗುವುದರಿಂದ ಅಸಾಧ್ಯವೇನಲ್ಲ.

ಆದರೆ ಹಳೆಯ ಚೀಟಿಗಳನ್ನು ಜತನ ಮಾಡುವವರ ಅಳುಕನ್ನು ನಾನು ತಳ್ಳಿಹಾಕಲಾರೆ. ಸೀಸ ಬೆರೆತ ಬಣ್ಣದಲ್ಲಿ ಮುದ್ರಿಸಿದ ಹಳೆಯ ಕಿತ್ತಳೆ ಬಣ್ಣದ ಚೀಟಿಗಳು ಗಾಳಿಯಲ್ಲಿನ ಹೈಡ್ರೋಜನ್ ಸಲ್ಫೈಡ್ ತಗುಲಿ ಕಂದು ಬಣ್ಣಕ್ಕೆ ತಿರುಗುವುದನ್ನು ಅವರು ಕಂಡಿದ್ದಾರೆ. ಅಲ್ಲಿ ಉಂಟಾಗುವುದು ಕಪ್ಪಾದ ಸೀಸದ ಸಲ್ಫೈಡ್. ತೆಳು ಹೈಡ್ರೋಜನ್ ಪೆರಾಕ್ಸೈಡನ್ನು ಎಚ್ಚರದಿಂದ ಹಚ್ಚಿದರೆ ಅದು ಬಿಳಿ ಸಲ್ಫೇಟಾಗಿ ಬದಲಾಗಿ, ಮೂಲ ಬಣ್ಣ ಬಹುಪಾಲು ಮರಳುತ್ತದೆ. ಡೂರಿಯನ್ನಿನ ಥಯೋಲ್ ಕೂಡ ಸೀಸದಂಥ ಲೋಹಗಳಿಗೆ ಅಂಟಿಕೊಳ್ಳುವ ಗುಂಪಿನದು. ಆದ್ದರಿಂದ ಆಗ್ನೇಯ ಏಷ್ಯದ ಯಾವುದಾದರೂ ಅಂಚೆ ಇಲಾಖೆ ಘಮವುಳ್ಳ ಡೂರಿಯನ್ ಚೀಟಿಯನ್ನು ತರಬೇಕೆಂದು ಮನಸಾರೆ ಬಯಸುವ ನಾನು, ಅದನ್ನು ಕೊಂಡವರು ಹಳೆಯ ಚೀಟಿಗಳ ಆಲ್ಬಮ್ಮಿನಲ್ಲಿ ಇಡದೆ, ಬಿಗಿ ಮುಚ್ಚಳದ ಬೇರೆ ಪೆಟ್ಟಿಗೆಯಲ್ಲಿ ಇಡಬೇಕೆಂದೂ ಹೇಳುತ್ತೇನೆ.