ಅರವತ್ತು ಅಂಕದ ಒಳಗೆ ಏನಿದೆ? ಒಂದು ವಿಪತ್ತಿನ ಆಟ ಮತ್ತು ಅದರ ಮಿಶ್ರ ವಿಮರ್ಶೆ

ಕಳೆದ ಭಾನುವಾರ ಬಸವನಗುಡಿಯಲ್ಲಿ ನಮ್ಮ ಓದಿನ ಗುಂಪು ಸೇರಿದ್ದಾಗ ಗೆಳತಿಯೊಬ್ಬಳು ಕೇಳಿದಳು: "ವಿಮರ್ಶೆ ಮಿಕ್ಸ್ಡ್ ಆಗಿದೆ ಅಂದ್ರೆ ಆಟ ಸುಮಾರಾಗಿದೆ ಅಂತ ತಾನೇ?" ಅವತ್ತು ಎಲ್ಲರೂ ಹೌದು ಅಂದೆವು. ಮನೆಗೆ ಬಂದು ಯೋಚಿಸಿದಾಗ ಆ ಉತ್ತರ ತಪ್ಪು ಅನ್ನಿಸಿತು. ಅದಕ್ಕೇ ಈ ಟಿಪ್ಪಣಿ. ವೀಡಿಯೊ ಗೇಮ್ ವಿಮರ್ಶೆ ಬರೆಯಲು ಕಲಿಯುತ್ತಿರುವ ಎಲ್ಲರಿಗೂ ಇದು ಉಪಯೋಗಕ್ಕೆ ಬರಬಹುದು.

ಉದಾಹರಣೆಗೆ ಒಂದೇ ಆಟ ತೆಗೆದುಕೊಂಡಿದ್ದೇನೆ. ಜಪಾನಿನ ಗ್ರಾನ್ಜೆಲ್ಲಾ ಕಂಪನಿಯ 'ಡಿಸಾಸ್ಟರ್ ರಿಪೋರ್ಟ್ 4: ಸಮ್ಮರ್ ಮೆಮೊರೀಸ್'. ಭೂಕಂಪವಾದ ನಗರದಲ್ಲಿ ಸಿಕ್ಕಿಹಾಕಿಕೊಂಡ ಒಬ್ಬ ಸಾಮಾನ್ಯ ಮನುಷ್ಯನ ಕಥೆ ಇದು. ಆಟದ ತುಂಬ ದೋಷಗಳಿವೆ. ಆದರೂ ನನಗೆ ಇದರ ಮೇಲೆ ಪ್ರೀತಿ ಇದೆ. ಆ ಪ್ರೀತಿ ದೋಷಗಳನ್ನು ಮುಚ್ಚಬಾರದು ಅಂತ ಎಚ್ಚರದಿಂದಲೇ ಬರೆಯುತ್ತಿದ್ದೇನೆ.

ಮೊದಲು ಅಂಕಗಳ ಲೆಕ್ಕ

ಮೆಟಾಕ್ರಿಟಿಕ್ ಅನ್ನುವ ಜಾಲತಾಣ ಬೇರೆ ಬೇರೆ ವಿಮರ್ಶಕರ ಅಂಕಗಳನ್ನು ನೂರಕ್ಕೆ ಬದಲಾಯಿಸಿಕೊಂಡು ಸರಾಸರಿ ತೆಗೆಯುತ್ತದೆ. ಎಲ್ಲ ಪತ್ರಿಕೆಗಳಿಗೂ ಅಲ್ಲಿ ಒಂದೇ ತೂಕವಿಲ್ಲ. ಆಟಗಳ ವಿಷಯದಲ್ಲಿ 75 ಅಥವಾ ಅದಕ್ಕಿಂತ ಮೇಲಿದ್ದರೆ ಮೆಚ್ಚುಗೆ, 50ರಿಂದ 74ರ ತನಕ 'ಮಿಕ್ಸ್ಡ್ ಆರ್ ಆವರೇಜ್' (ಮಿಶ್ರ ಅಥವಾ ಸುಮಾರು), ಅದಕ್ಕಿಂತ ಕೆಳಗಿದ್ದರೆ ಹಿಡಿಸಿಲ್ಲ ಅಂತ ಅರ್ಥ. ನಮ್ಮ ಆಟ ಈ ಮಧ್ಯದ ಪಟ್ಟಿಯಲ್ಲಿದೆ.

ಆ ಪಟ್ಟಿಯ ಹೆಸರಿನಲ್ಲೇ ಎರಡು ಬೇರೆ ವಿಷಯಗಳು ಸೇರಿಕೊಂಡಿರುವುದನ್ನು ಗಮನಿಸಿ. ಹತ್ತು ಜನ ವಿಮರ್ಶಕರು ಇದ್ದಾರೆ ಅಂದುಕೊಳ್ಳೋಣ. ಹತ್ತೂ ಜನ 60 ಕೊಟ್ಟರೆ ಸರಾಸರಿ 60. ಐದು ಜನ 80, ಇನ್ನೈದು ಜನ 40 ಕೊಟ್ಟರೂ ಸರಾಸರಿ 60. ಮೊದಲನೆಯದು ಸುಮಾರಾದ ಆಟ. ಅದರ ಬಗ್ಗೆ ಯಾರಿಗೂ ಜಗಳವಿಲ್ಲ. ಎರಡನೆಯದು ಜನರನ್ನು ಎರಡು ಪಾಲು ಮಾಡಿದ ಆಟ. ಅಲ್ಲಿ ಕಲಿಯುವುದು ಜಾಸ್ತಿ ಇರುತ್ತದೆ. ಹಾಗಾಗಿ ಸರಾಸರಿ ನೋಡಿದ ಕೂಡಲೇ ಬಿಡಿ ಅಂಕಗಳನ್ನೂ ನೋಡಿ. ಮೇಲಿನ ಎರಡು, ಕೆಳಗಿನ ಎರಡು ವಿಮರ್ಶೆಗಳನ್ನು ಪೂರ್ತಿ ಓದಿ. ಇಬ್ಬರೂ ಒಂದೇ ದೃಶ್ಯದ ಬಗ್ಗೆ ಮಾತಾಡುತ್ತಿದ್ದಾರಾ ಅಂತ ನೋಡಿ. ನಾನು ಈ ಆಟದ ವಿಮರ್ಶೆಗಳನ್ನು ಓದಿದಾಗ ಕಂಡದ್ದು ಅದೇ. ಹೊಗಳಿದವರೂ ತೆಗಳಿದವರೂ ದೋಷಗಳ ಪಟ್ಟಿಯನ್ನು ಹೆಚ್ಚುಕಡಿಮೆ ಒಂದೇ ಥರ ಬರೆದಿದ್ದರು. ಆ ದೋಷಗಳಿಗೆ ಎಷ್ಟು ತೂಕ ಕೊಡಬೇಕು ಅನ್ನುವುದರಲ್ಲಿ ಮಾತ್ರ ಬೇರೆಯಾಗಿದ್ದರು.

ಆಟದ ಹಿಂದಿನ ಕಥೆ

ಇದು ಗೊತ್ತಿಲ್ಲದೆ ವಿಮರ್ಶೆಗಳು ಪೂರ್ತಿ ಅರ್ಥವಾಗುವುದಿಲ್ಲ. ಈ ಸರಣಿ ಶುರುವಾದದ್ದು 2002ರಲ್ಲಿ, ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ 2ರಲ್ಲಿ. ಮಾಡಿದ್ದು ಐರೆಮ್ ಕಂಪನಿ, ನಿರ್ದೇಶಕ ಕಜುಮಾ ಕುಜೊ. ಜಪಾನಿನಲ್ಲಿ ಇದರ ಹೆಸರು 'ಝೆತ್ತೈ ಝೆತ್ಸುಮೆಯ್ ತೊಷಿ'. ಮೊದಲ ಆಟದಲ್ಲಿ ಬಾಯಾರಿಕೆಗೆ ಒಂದು ಅಳತೆ ಇತ್ತು. ನಲ್ಲಿ ಸಿಕ್ಕಿದರೆ ನೀರು ಕುಡಿಯಬಹುದು, ಅಲ್ಲೇ ಆಟವನ್ನು ಸೇವ್ ಮಾಡಬಹುದು. ಎಷ್ಟು ಸರಳ, ಎಷ್ಟು ಚಂದ ಅಲ್ವಾ? ನಲ್ಲಿ ಕಂಡರೆ ಜೀವ ಬಂದ ಹಾಗಾಗುತ್ತದೆ. 2006ರ ಎರಡನೆಯ ಆಟ ಪ್ರವಾಹದ್ದು. ಅಲ್ಲಿ ಬಾಯಾರಿಕೆಯ ಜಾಗದಲ್ಲಿ ಮೈಯ ಬಿಸಿಯ ಅಳತೆ ಬಂತು. ಮೂರನೆಯದು 2009ರಲ್ಲಿ.

ನಾಲ್ಕನೆಯದು ಪ್ಲೇಸ್ಟೇಷನ್ 3ಕ್ಕೆ 2011ರಲ್ಲಿ ಬರಬೇಕಿತ್ತು. ಆ ವರ್ಷ ಮಾರ್ಚ್ 11ಕ್ಕೆ ಜಪಾನಿನ ತೊಹೊಕು ಪ್ರದೇಶದಲ್ಲಿ 9.0 ತೀವ್ರತೆಯ ಭೂಕಂಪವಾಯಿತು, ಸುನಾಮಿ ಬಂತು. ಕೆಲವೇ ದಿನಗಳಲ್ಲಿ ಐರೆಮ್ ಆಟವನ್ನು ರದ್ದು ಮಾಡಿತು. ಕುಜೊ ಅಲ್ಲಿಂದ ಹೊರಬಂದು ಗ್ರಾನ್ಜೆಲ್ಲಾ ಕಟ್ಟಿದರು, ಮುಂದೆ ಸರಣಿಯ ಹಕ್ಕನ್ನೂ ಪಡೆದರು. ಕೊನೆಗೆ ಆಟ ಜಪಾನಿನಲ್ಲಿ ಬಂದದ್ದು 2018ರ ನವೆಂಬರ್‌ನಲ್ಲಿ, ಪ್ಲೇಸ್ಟೇಷನ್ 4ರಲ್ಲಿ. ಇಂಗ್ಲಿಷ್ ಆವೃತ್ತಿ 2020ರ ಏಪ್ರಿಲ್‌ನಲ್ಲಿ ಬಂತು. ಪ್ಲೇಸ್ಟೇಷನ್ 3ಕ್ಕೆ ಅಂತ ಯೋಚಿಸಿದ ಆಟವನ್ನು ಜನ ಒಂಬತ್ತು ವರ್ಷ ತಡವಾಗಿ ಕೈಗೆ ತೆಗೆದುಕೊಂಡರು. ಅದು ಹಳೆಯದಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಎಲ್ಲಿ ಎಡವಿತು

ತಾಂತ್ರಿಕ ದೋಷ ಹೇಳಲು ಸುಲಭ. ಫ್ರೇಮ್ ರೇಟ್ (ಒಂದು ಸೆಕೆಂಡಿಗೆ ತೆರೆಯ ಮೇಲೆ ಮೂಡುವ ಚಿತ್ರಗಳ ಸಂಖ್ಯೆ) ಕುಸಿಯುತ್ತದೆ, ನಿಂಟೆಂಡೊ ಕಂಪನಿಯ ಸ್ವಿಚ್ ಯಂತ್ರದಲ್ಲಿ ಇನ್ನೂ ಜಾಸ್ತಿ. ಪಾತ್ರಗಳು ಗೊಂಬೆಗಳ ಹಾಗೆ ಬಿಗಿಯಾಗಿ ನಡೆಯುತ್ತವೆ. ಆಟದ ಅತಿ ಮುಖ್ಯ ಗಳಿಗೆ ಅಂದರೆ ನೆಲ ನಡುಗಿ ಕಟ್ಟಡ ಬೀಳುವುದು. ಸರಿಯಾಗಿ ಅಲ್ಲೇ ಚಿತ್ರ ತಡವರಿಸುತ್ತದೆ. ಕೆಲವರು ಇದನ್ನೂ 'ಆಟದ ಒರಟುತನದ ಚೆಲುವು' ಅಂತ ಸಮರ್ಥಿಸುತ್ತಾರೆ. ನಾನು ಒಪ್ಪುವುದಿಲ್ಲ. ದುಡ್ಡು ಕೊಟ್ಟು ಕೊಂಡವರಿಗೆ ಅದು ಸುಮ್ನೆ ತೊಂದರೆ.

ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಇನ್ನೊಂದು ದೋಷ. ಆಟ ಮುಂದೆ ಹೋಗಬೇಕಾದರೆ ಇಂಥವರನ್ನೇ ಮಾತಾಡಿಸಬೇಕು, ಇಂಥ ಮೂಲೆಗೇ ಹೋಗಬೇಕು. ಯಾರು, ಯಾವ ಮೂಲೆ ಅಂತ ಆಟ ಹೇಳುವುದಿಲ್ಲ. ಒಬ್ಬೊಬ್ಬರನ್ನೇ ಮಾತಾಡಿಸುತ್ತಾ, ಅದೇ ಬೀದಿಯಲ್ಲಿ ನಾಲ್ಕು ಸಲ ತಿರುಗಬೇಕು. ಆಮೇಲೆ ಎಲ್ಲೋ ಒಂದು ಕಡೆ ದಾರಿ ತೆರೆಯುತ್ತದೆ. ಕಡಿಮೆ ಅಂಕ ಕೊಟ್ಟವರು ಇದನ್ನು ಬೇಸರ ಅಂದರು. ಹೆಚ್ಚು ಕೊಟ್ಟವರಲ್ಲಿ ಕೆಲವರು, ವಿಪತ್ತಿನಲ್ಲಿ ಹಾಗೇ ಅಲ್ವಾ, ಏನು ಮಾಡಬೇಕು ಅಂತ ಯಾರಿಗೆ ಗೊತ್ತಿರುತ್ತದೆ ಅಂದರು.

ಈ ವಾದವನ್ನು ನಾನು ತುಂಬಾ ದಿನ ನಂಬಿದ್ದೆ. ಅದು ಸರಿಯಲ್ಲ ಅಂತ ಗೊತ್ತಾದದ್ದು 2022ರ ಸೆಪ್ಟೆಂಬರ್ ನೆನಪು ಮಾಡಿಕೊಂಡಾಗ. ಆ ವಾರ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ, ಹೊರ ವರ್ತುಲ ರಸ್ತೆ ಎಲ್ಲಾ ನೀರಾಗಿತ್ತು. ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದ ಚಿತ್ರಗಳು ನಿಮಗೂ ನೆನಪಿರಬಹುದು. ನಮ್ಮ ಚಿಕ್ಕಮ್ಮನ ಮನೆ ಯಮಲೂರಿನ ಹತ್ತಿರ. ನೆಲಮಾಳಿಗೆಯ ಪಾರ್ಕಿಂಗ್‌ಗೆ ನೀರು ನುಗ್ಗಿತು, ಕರೆಂಟ್ ಹೋಯಿತು, ಲಿಫ್ಟ್ ನಿಂತಿತು. ಫೋನ್ ಮಾಡಿದಾಗ ಚಿಕ್ಕಮ್ಮ ಹೇಳಿದ್ದು ಮೂರೇ ವಿಷಯ. ಮಗುವಿಗೆ ಹಾಲು ಬೇಕು, ಚಿಕ್ಕಪ್ಪನ ಶುಗರ್ ಮಾತ್ರೆ ಎರಡೇ ಉಳಿದಿದೆ, ಫೋನ್ ಚಾರ್ಜ್ ಮುಗಿಯುತ್ತಿದೆ. "ಹೇಗೆ ಹೊರಗೆ ಹೋಗೋದು ಅಂತ ಗೊತ್ತಾಗ್ತಿಲ್ಲ ಕಣೋ" ಅಂದರು.

ಏನು ಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ದಾರಿ ಮಾತ್ರ ಗೊತ್ತಿರಲಿಲ್ಲ. ಆಟದಲ್ಲಿ ಇದು ತಿರುಗಾಮುರುಗಾ. ಬೀದಿ ನಾಲ್ಕೇ ಇವೆ, ಎಲ್ಲಾ ಕಣ್ಣಿಗೆ ಕಾಣುತ್ತವೆ. ನನಗೀಗ ಏನು ಬೇಕು ಅನ್ನುವುದೇ ತಿಳಿಯುವುದಿಲ್ಲ. ಕಷ್ಟದಲ್ಲಿರುವ ಮನುಷ್ಯನಿಗೆ ಇರುವ ತುರ್ತನ್ನೇ ಆಟ ನಮ್ಮಿಂದ ಕಿತ್ತುಕೊಳ್ಳುತ್ತದೆ. ಹಸಿವು, ಬಾಯಾರಿಕೆ, ಶೌಚದ ಅಗತ್ಯ, ಮನಸ್ಸಿನ ಒತ್ತಡ ಎಲ್ಲಕ್ಕೂ ಆಟದಲ್ಲಿ ಅಳತೆ ಇದೆ ನಿಜ. ಆದರೆ ಅವುಗಳ ಬಿಸಿ ಆಡುವವರಿಗೆ ಅಷ್ಟಾಗಿ ತಟ್ಟುವುದಿಲ್ಲ. ಮೊದಲ ಆಟದ ನಲ್ಲಿಯ ಮುಂದೆ ಇದು ಹಿಂದಕ್ಕೆ ಹೋದ ಹಾಗಿದೆ. ಆದ್ದರಿಂದ ಈ ಒಂದು ವಿಷಯದಲ್ಲಿ ನಾನು ಕಡಿಮೆ ಅಂಕ ಕೊಟ್ಟವರ ಪಕ್ಷ.

ಕಲಿಯುವವರು ಇಲ್ಲಿ ಗಮನಿಸಬೇಕಾದದ್ದು: 'ನಿಜ ಜೀವನದಲ್ಲಿ ಹೀಗೇ ಇರುತ್ತದೆ' ಅಂತ ಯಾವುದಾದರೂ ದೋಷವನ್ನು ಸಮರ್ಥಿಸುವ ಮೊದಲು, ನಿಜ ಜೀವನದ ಒಂದು ಘಟನೆಯನ್ನು ಪಕ್ಕಕ್ಕಿಟ್ಟು ವಿವರವಾಗಿ ಹೋಲಿಸಿ. ಸುಮ್ಮನೆ ಒಂದು ಮಾತಿನಲ್ಲಿ ಹೇಳಿದರೆ ಯಾವ ದೋಷವನ್ನಾದರೂ ಹಾಗೆ ಕಾಪಾಡಬಹುದು.

ಎಲ್ಲಿ ಗೆದ್ದಿತು

ಕೆಲಸದ ಇಂಟರ್‌ವ್ಯೂಗೆ ಅಂತ ಬಸ್ಸಿನಲ್ಲಿ ಊರಿಗೆ ಬರುತ್ತೀರಿ. ಭೂಕಂಪವಾಗುತ್ತದೆ. ಹೊರಗೆ ಬಂದರೆ ಎಲ್ಲರೂ ಗಾಬರಿಯಲ್ಲಿದ್ದಾರೆ, ಆದರೂ ಸಣ್ಣ ಸಣ್ಣ ವಿಷಯಕ್ಕೆ ಜಗಳವಾಡುತ್ತಿದ್ದಾರೆ. ಶುರುವಿನಲ್ಲೇ ಒಂದು ಸಣ್ಣ ಅಂಗಡಿ ಬರುತ್ತದೆ. ಅಲ್ಲಿ ನೀರನ್ನು ವಿಪರೀತ ಬೆಲೆಗೆ ಮಾರುವ ಅವಕಾಶವನ್ನು ಆಟ ನಿಮ್ಮ ಕೈಗೇ ಕೊಡುತ್ತದೆ. ಒಳ್ಳೆಯ ಕೆಲಸಕ್ಕೂ ಕೆಟ್ಟ ಕೆಲಸಕ್ಕೂ ಅಂಕ ಬೀಳುತ್ತದೆ. ಆದರೆ ಆ ಅಂಕದಿಂದ ಮುಂದೆ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ. ಹಾಗಿದ್ದ ಮೇಲೆ ಆಯ್ಕೆ ಯಾಕೆ ಅಂತ ಹಲವು ವಿಮರ್ಶಕರು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು.

ಆದರೂ ಆ ದೃಶ್ಯ ನನ್ನನ್ನು ಬಿಡಲಿಲ್ಲ. ಕಾರಣ ಇದೇ ಊರಿನದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದ್ದವು. ಟ್ಯಾಂಕರ್ ನೀರಿನ ಬೆಲೆ ಏರುತ್ತಲೇ ಹೋಯಿತು. ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ದರ ನಿಗದಿ ಮಾಡಬೇಕಾಯಿತು. 5 ಕಿ.ಮೀ. ಒಳಗಾದರೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ರೂಪಾಯಿ. ನಮ್ಮ ಬೀದಿಗೆ ಬರುತ್ತಿದ್ದ ಟ್ಯಾಂಕರ್‌ನವನು ಅದಕ್ಕೂ ಮೊದಲು ಇದರ ಎರಡರಷ್ಟು ಕೇಳಿದ್ದ. ಕೊಟ್ಟಿದ್ದೆವು. ಅವನ ಮೇಲೆ ಸಿಟ್ಟಿತ್ತು. ಆಟದಲ್ಲಿ ನಾನೇ ಬೆಲೆ ಏರಿಸಿ ನಿಂತಾಗ, ಎದುರಿಗಿರುವವರು ಮಾತಾಡದೆ ದುಡ್ಡು ತೆಗೆದು ಕೊಟ್ಟಾಗ, ಕೈ ತಡೆಯಿತು. ಅಂಕ ಬಿತ್ತೋ ಇಲ್ಲವೋ ಅನ್ನುವ ಕಡೆ ಮನಸ್ಸೇ ಹೋಗಲಿಲ್ಲ.

ಆಯ್ಕೆಗೆ ಫಲ ಇಲ್ಲ ಅನ್ನುವುದೂ ನಿಜ, ಆಯ್ಕೆ ಮಾಡುವ ಗಳಿಗೆ ಗಟ್ಟಿಯಾಗಿದೆ ಅನ್ನುವುದೂ ನಿಜ. ಮೊದಲನೆಯದು ಆಟವನ್ನು ಕಟ್ಟಿದ ರೀತಿಯ ಮಾತು. ಎರಡನೆಯದು ಆಡಿದವರ ಅನುಭವದ ಮಾತು. ಇವೆರಡನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಸಿಗುವ ಅಂಕದಲ್ಲಿ ಎರಡೂ ಕಾಣುವುದಿಲ್ಲ.

ಸಮಯದ ವಿಷಯವನ್ನೂ ಇಲ್ಲೇ ಸೇರಿಸುತ್ತೇನೆ. ಇಂಗ್ಲಿಷ್ ಆವೃತ್ತಿ ಬಂದಾಗ ಜಗತ್ತಿನ ಎಷ್ಟೋ ಕಡೆ ಲಾಕ್‌ಡೌನ್ ಇತ್ತು. ನಮ್ಮಲ್ಲಿ ಮಾರ್ಚ್ 25ಕ್ಕೆ ಶುರುವಾಗಿತ್ತು. ಅದಕ್ಕೆ ನಾಲ್ಕೈದು ದಿನ ಮೊದಲು ಕೇಂದ್ರ ಸರ್ಕಾರ 200 ಎಂ.ಎಲ್. ಸ್ಯಾನಿಟೈಸರ್‌ಗೆ 100 ರೂಪಾಯಿ ಅಂತ ಮಿತಿ ಹಾಕಿತ್ತು. ಅಂಗಡಿಯ ದೃಶ್ಯವನ್ನು ಆ ತಿಂಗಳು ಆಡಿದವರಿಗೂ 2018ರಲ್ಲಿ ಆಡಿದವರಿಗೂ ಅದು ಒಂದೇ ಆಗಿರಲು ಸಾಧ್ಯವಿಲ್ಲ. ಹಾಗಾಗಿ ವಿಮರ್ಶೆ ಓದುವಾಗ ತಾರೀಖು ನೋಡಿ. ನೀವು ಬರೆಯುವಾಗ ಯಾವಾಗ, ಯಾವ ಯಂತ್ರದಲ್ಲಿ ಆಡಿದಿರಿ ಅಂತ ಮೊದಲೇ ಹೇಳಿಬಿಡಿ.

ಇನ್ನೊಂದು ಸಣ್ಣ ಮೆಚ್ಚುಗೆ. ನೆಲ ನಡುಗಿದಾಗ ಓಡಿದರೆ ಬೀಳುತ್ತೀರಿ. ತಕ್ಷಣ ಕುಕ್ಕರಗಾಲಿನಲ್ಲಿ ಕೂತು ತಡೆದುಕೊಳ್ಳಬೇಕು. ಭೂಕಂಪದಲ್ಲಿ ಬಗ್ಗಿ, ತಲೆ ಮುಚ್ಚಿಕೊಂಡು, ಗಟ್ಟಿಯಾದದ್ದನ್ನು ಹಿಡಿದುಕೊಳ್ಳಿ ಅಂತ ಶಾಲೆಗಳಲ್ಲಿ ಅಭ್ಯಾಸ ಮಾಡಿಸುತ್ತಾರಲ್ಲ, ಅದೇ. ಎರಡು ಗಂಟೆ ಆಡಿದ ಮೇಲೆ ಬೆರಳು ತಾನಾಗಿ ಆ ಬಟನ್‌ಗೆ ಹೋಗುತ್ತದೆ.

ಬರೆಯುವಾಗ

ನಮ್ಮ ಗುಂಪಿನಲ್ಲಿ ಬಂದ ಒಂದು ಕರಡು ಹೀಗಿತ್ತು: "ಗ್ರಾಫಿಕ್ಸ್ ಚೆನ್ನಾಗಿಲ್ಲ. ಕಥೆ ಚೆನ್ನಾಗಿದೆ. ಕಂಟ್ರೋಲ್ ಕಷ್ಟ. 6/10." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಯಾವ ಆಟಕ್ಕೆ ಬೇಕಾದರೂ ಅಂಟಿಸಬಹುದು. ಒಂದು ದೋಷ ಹೇಳಿದರೆ ಅದು ಏನನ್ನು ಕೆಡಿಸಿತು ಅಂತಲೂ ಹೇಳಬೇಕು. ಅದೇ ಗೆಳೆಯ ಎರಡನೆಯ ಸಲ ಹೀಗೆ ಬರೆದ: "ಕಟ್ಟಡ ಬೀಳುವಾಗ ಚಿತ್ರ ತಡವರಿಸುತ್ತದೆ. ಭಯ ಹುಟ್ಟಬೇಕಾದಲ್ಲಿ ನನ್ನ ಗಮನ ಟಿವಿ ಕೆಟ್ಟಿತಾ ಅನ್ನುವ ಕಡೆ ಹೋಯಿತು. ಜನ ಮಾತಾಡುವ ದೃಶ್ಯಗಳಲ್ಲಿ ಈ ತೊಂದರೆ ಅಡ್ಡ ಬರಲಿಲ್ಲ, ಅಲ್ಲಿ ಆಟ ನನ್ನನ್ನು ಹಿಡಿದಿಟ್ಟುಕೊಂಡಿತು." ಅಂಕ ಅದೇ ಆರು. ಆದರೆ ಈಗ ಓದಿದವರು, ಈ ಆಟ ನನಗೆ ಆಗುತ್ತಾ ಇಲ್ಲವಾ ಅಂತ ತಾವೇ ತೀರ್ಮಾನ ಮಾಡಬಹುದು. ಇದನ್ನು ಓದಿದಾಗ ನನಗೆ ನಿಜವಾಗಿ ಸಂತೋಷವಾಯಿತು.

ಹೋಲಿಕೆಗೆ ಇನ್ನೊಂದು ಆಟ ಬೇಕಾದರೆ ಯೂಬಿಸಾಫ್ಟ್‌ನ 'ಐ ಆಮ್ ಅಲೈವ್' ನೋಡಿ. 2008ರಲ್ಲಿ ಘೋಷಣೆಯಾಗಿ 2012ರಲ್ಲಿ ಬಂತು, ಅದಕ್ಕೂ ಮಿಶ್ರ ವಿಮರ್ಶೆ. ಅಲ್ಲಿ ಹತ್ತುವಾಗ ದಣಿವಿನ ಅಳತೆ ಇಳಿಯುತ್ತಾ ಹೋಗುತ್ತದೆ. ಬೇಕಾದದ್ದು ಸ್ಪಷ್ಟ, ದಾರಿ ಕಷ್ಟ. ಮೇಲೆ ಹೇಳಿದ ವ್ಯತ್ಯಾಸ ಅಲ್ಲಿ ಬೇಗ ಗೊತ್ತಾಗುತ್ತದೆ.

ಮುಂದಿನ ಭಾನುವಾರಕ್ಕೆ ಎಲ್ಲರೂ ಅಂಗಡಿಯ ದೃಶ್ಯದ ತನಕ ಆಡಿ ಬನ್ನಿ. ಆಟ ಇಲ್ಲದವರು ನನ್ನ ಮನೆಗೆ ಶನಿವಾರ ಸಂಜೆ ಬಂದರೆ ಒಟ್ಟಿಗೆ ಆಡೋಣ. ನೀರಿನ ಬೆಲೆ ಎಷ್ಟು ಇಟ್ಟಿರಿ, ಯಾಕೆ ಇಟ್ಟಿರಿ ಅಂತ ಅರ್ಧ ಪುಟ ಬರೆದು ತನ್ನಿ. ಅಂಕ ಕೊಡಬೇಡಿ.