ಕತ್ತಿ ಕಾಳಗದ ಸಿನಿಮಾ ಯಾವ ವಯಸ್ಸಿಗೆ?

ಬೀದರಿನ ಹತ್ತಿರದ ಅಷ್ಟೂರಿನಲ್ಲಿ ಹುಮಾಯೂನ್ ಶಹಾನ ಗೋರಿಯ ಗುಮ್ಮಟ ಅರ್ಧ ಕುಸಿದು ನಿಂತಿದೆ. ಸಿಡಿಲು ಬಡಿದು ಹೀಗಾಯಿತೆಂಬುದು ರೂಢಿಯ ಮಾತು. 1458ರಿಂದ 1461ರವರೆಗೆ ಆಳಿದ ಈ ಬಹಮನಿ ಸುಲ್ತಾನನಿಗೆ ‘ಜಾಲಿಮ್’, ಅಂದರೆ ಕ್ರೂರಿ, ಎಂಬ ಅಡ್ಡಹೆಸರಿತ್ತು. ಅವನು ಕೊಡುತ್ತಿದ್ದ ಶಿಕ್ಷೆಗಳ ಕಥೆಯನ್ನು ಶಾಲಾ ಪ್ರವಾಸಕ್ಕೆ ಬಂದ ಮಕ್ಕಳ ಮುಂದೆ ಹೇಳಲು ನಮಗೆ ಅಂಥ ಸಂಕೋಚವಾಗುವುದಿಲ್ಲ. ಅದೇ ಕಾಲದ ಯುದ್ಧವನ್ನು ತೋರಿಸುವ ಸಿನಿಮಾ ಬಂದಾಗ ಮಾತ್ರ, ಮಗನನ್ನು ಕರೆದೊಯ್ಯಬಹುದೇ ಎಂದು ಹತ್ತು ಸಲ ಯೋಚಿಸುತ್ತೇವೆ. ಈ ಹಿಂಜರಿಕೆಗೆ ಕಾರಣವಿದೆ. ಕೇಳಿದ ಕ್ರೌರ್ಯವನ್ನು ಮಗು ತನಗೆ ತಾಳುವಷ್ಟೇ ಕಲ್ಪಿಸಿಕೊಳ್ಳುತ್ತದೆ. ತೆರೆಯ ಮೇಲೆ ಆ ಅಳತೆಯನ್ನು ನಿರ್ಧರಿಸುವವನು ನಿರ್ದೇಶಕ.

ಸೆನ್ಸಾರ್ ಮಂಡಳಿಯ ಸರ್ಟಿಫಿಕೇಟು ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ. ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿಯು ಹಳೆಯ ಯು/ಎ ವರ್ಗವನ್ನು 7+, 13+, 16+ ಎಂದು ಮೂರಾಗಿ ಒಡೆಯಿತು. ‘ಎ’ ಚಿತ್ರಕ್ಕೆ ಹದಿನೆಂಟು ತುಂಬದವರನ್ನು ಬಿಡುವಂತಿಲ್ಲ. ಯು/ಎ ಗುರುತು ಪಾಲಕರಿಗೆ ಕೊಟ್ಟ ಸಲಹೆಯಷ್ಟೇ ಆದ್ದರಿಂದ ತೀರ್ಮಾನ ಮನೆಗೇ ಬರುತ್ತದೆ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1961ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆಸಿದ ಪ್ರಯೋಗದಲ್ಲಿ, ದೊಡ್ಡವರು ಗಾಳಿ ತುಂಬಿದ ಬೊಂಬೆಯನ್ನು ಬಡಿಯುವುದನ್ನು ಕಂಡ ಪುಟ್ಟ ಮಕ್ಕಳು ಅದನ್ನೇ ಅನುಕರಿಸಿದರು. ಇದಕ್ಕಿಂತ ಕುತೂಹಲದ್ದು 1965ರ ಪ್ರಯೋಗ. ಹೊಡೆದವನಿಗೆ ಶಿಕ್ಷೆಯಾಗುವ ಚಿತ್ರವನ್ನು ಕಂಡ ಮಕ್ಕಳು ಕಡಿಮೆ ಅನುಕರಿಸಿದರು ನಿಜ, ಆದರೆ ಮಾಡಿ ತೋರಿಸಿದರೆ ಬಹುಮಾನವೆಂದ ಕೂಡಲೇ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಅಂದರೆ ಕಲಿಕೆ ಎಲ್ಲರಲ್ಲೂ ಆಗಿತ್ತು; ಅದನ್ನು ಹೊರಗೆ ತರುವುದೋ ಬೇಡವೋ ಎಂಬುದನ್ನು ಫಲಿತಾಂಶ ನಿರ್ಧರಿಸಿತ್ತು. ಬೊಂಬೆಯನ್ನು ಹೊಡೆಯುವುದು ಮನುಷ್ಯನನ್ನು ಹೊಡೆದಂತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಿನಿಮಾದ ಹಿಂಸೆಯಿಂದ ನಿಜಜೀವನದ ಹಿಂಸೆ ಎಷ್ಟು ಹೆಚ್ಚುತ್ತದೆ ಎಂಬ ಬಗ್ಗೆ ಸಂಶೋಧಕರಲ್ಲಿ ಇಂದಿಗೂ ಜಗಳವಿದ್ದು, ಪರಿಣಾಮ ಸಣ್ಣದೆನ್ನುವವರೂ ಸಾಕಷ್ಟಿದ್ದಾರೆ.

ಆದ್ದರಿಂದ ರಕ್ತ ಎಷ್ಟು ಹರಿಯಿತು ಎನ್ನುವುದಕ್ಕಿಂತ, ಹೊಡೆದವನು ಯಾರು, ಹೊಡೆತ ತಿಂದವನಿಗೆ ಏನಾಯಿತು ಎಂದು ಕೇಳುವುದು ಹೆಚ್ಚು ಉಪಯುಕ್ತ. 1990ರ ದಶಕದಲ್ಲಿ ಅಮೆರಿಕದ ಟಿವಿ ಹಿಂಸೆಯನ್ನು ಪರಿಶೀಲಿಸಿದ ದೊಡ್ಡ ಅಧ್ಯಯನವೊಂದು ಇದೇ ದಾರಿ ಹಿಡಿಯಿತು: ಹೊಡೆಯುವವನು ಆಕರ್ಷಕ ನಾಯಕ, ಹೊಡೆದದ್ದು ನ್ಯಾಯ, ಶಿಕ್ಷೆಯಿಲ್ಲ, ನೋವೂ ಕಾಣುವುದಿಲ್ಲ ಎಂಬ ಜೋಡಣೆಯನ್ನೇ ಅದು ಹೆಚ್ಚು ಅಪಾಯಕಾರಿ ಎಂದು ಎಣಿಸಿತು. ಮಧ್ಯಯುಗದ ಸಾಹಸಚಿತ್ರಗಳಿಗೆ ಈ ಜೋಡಣೆ ಬಲು ಪ್ರಿಯ. ನಾಯಕ ಕತ್ತಿ ಬೀಸಿದಾಗ ಐವತ್ತು ಮಂದಿ ಸದ್ದಿಲ್ಲದೆ ಉರುಳುತ್ತಾರೆ, ಅವನ ಕೂದಲೂ ಕೆದರುವುದಿಲ್ಲ. ಇಂಗ್ಲೆಂಡಿನ ಟೌಟನ್‌ನಲ್ಲಿ 1461ರಲ್ಲಿ ನಡೆದ ಕದನದ ಸಾಮೂಹಿಕ ಸಮಾಧಿ 1996ರಲ್ಲಿ ಸಿಕ್ಕಾಗ ಕಂಡದ್ದು ಬೇರೆಯೇ: ಒಂದೇ ತಲೆಬುರುಡೆಯ ಮೇಲೆ ಹಲವು ಏಟುಗಳು, ಕೆಲವರಲ್ಲಿ ಹಿಂದಿನ ಕದನಗಳಲ್ಲಿ ಬಿದ್ದು ಮಾಯ್ದಿದ್ದ ಗಾಯಗಳು. ಈ ನೋವನ್ನು ಮರೆಮಾಚದ ಚಿತ್ರ ನೋಡಲು ಕಷ್ಟವಾದರೂ, ಹದಿನಾರರವರಿಗೆ ಅದೇ ಮೇಲೆಂದು ನನ್ನ ಅಭಿಪ್ರಾಯ.

ಹದಿಮೂರರವರ ಲೆಕ್ಕ ಬೇರೆ. ಭಯ, ಉದ್ರೇಕ, ಬಹುಮಾನದಾಸೆಗಳಿಗೆ ಸ್ಪಂದಿಸುವ ಮಿದುಳಿನ ಭಾಗಗಳು ಹದಿಹರೆಯದಲ್ಲೇ ಚುರುಕಾಗುತ್ತವೆ. ಅವಕ್ಕೆ ಲಗಾಮು ಹಾಕುವ ಹಣೆಯ ಹಿಂಬದಿಯ ಪ್ರೀಫ್ರಂಟಲ್ ಭಾಗ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಸಾಲುಗಟ್ಟಿದ ಸೈನ್ಯದ ಕಾದಾಟವನ್ನು ಈ ವಯಸ್ಸಿನವರು ಆಟದಂತೆ ದಾಟಿಬಿಡಬಹುದು, ಆದರೆ ಕಟ್ಟಿಹಾಕಿ ನಿಧಾನವಾಗಿ ಹಿಂಸಿಸುವ ಒಂದೇ ದೃಶ್ಯ ಅನೇಕ ರಾತ್ರಿಗಳ ನಿದ್ದೆ ಕೆಡಿಸೀತು. ಲೈಂಗಿಕ ಹಿಂಸೆಯ ದೃಶ್ಯವಿದ್ದರಂತೂ ಚರ್ಚೆಯೇ ಬೇಡ.

ನಮ್ಮ ಭಾಗದಲ್ಲಿ ಇನ್ನೊಂದನ್ನೂ ನೋಡಬೇಕಾಗುತ್ತದೆ: ಚಿತ್ರ ಶತ್ರುವನ್ನು ಮನುಷ್ಯನಾಗಿ ತೋರಿಸುತ್ತದೆಯೋ, ಒಂದು ಇಡೀ ಜನವರ್ಗದ ಮುಖವಾಗಿಯೋ? ಬಹಮನಿ–ವಿಜಯನಗರ ಯುದ್ಧಗಳು ಧರ್ಮಕ್ಕೊಂದು ಸೈನ್ಯವಾಗಿ ನಡೆದವೆಂದು ನಂಬುವ ಹುಡುಗನಿಗೆ, ವಿಜಯನಗರದ ಅರಸ ಇಮ್ಮಡಿ ದೇವರಾಯ ತನ್ನ ಪಡೆಗೆ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡದ್ದು ಗೊತ್ತಿರುವುದಿಲ್ಲ. ಬೀದರಿನಲ್ಲಿ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನನನ್ನು 1481ರಲ್ಲಿ ಕೊಲ್ಲಿಸಿದ್ದು ಹೊರಗಿನ ವೈರಿಯಲ್ಲ, ತನ್ನದೇ ದರಬಾರಿನವರು ಹೆಣೆದ ಖೊಟ್ಟಿ ಪತ್ರವನ್ನು ನಂಬಿದ ಅವನ ಸುಲ್ತಾನನೇ. ಪರದೆಯ ರಕ್ತಕ್ಕಿಂತ ಈ ತಪ್ಪು ತಿಳಿವಳಿಕೆ ಹೆಚ್ಚು ಕಾಲ ಉಳಿಯುತ್ತದೆ.

ಜೊತೆಗೆ ಕೂತು ನೋಡಿದರೆ ಸಾಕೆಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. ತಂದೆ ಮಾತಿಲ್ಲದೆ ಪಕ್ಕದಲ್ಲಿ ಕೂತಿದ್ದರೆ ಅದು ಒಪ್ಪಿಗೆಯಂತೆ ಕಾಣುವ ಸಾಧ್ಯತೆಯಿದೆ. ಚಿತ್ರ ಮುಗಿದ ಮೇಲೆ ‘ಸತ್ತ ಆ ಸಿಪಾಯಿಯ ಮನೆಯಲ್ಲಿ ಮುಂದೇನಾಗಿರಬಹುದು’ ಎಂದು ಕೇಳಿದರೆ ಮಾತಿಗೆ ದಾರಿಯಾಗುತ್ತದೆ. ಒಟಿಟಿಯಲ್ಲಿ 13+ ಮತ್ತು ಅದಕ್ಕೆ ಮೇಲ್ಪಟ್ಟ ಚಿತ್ರಗಳಿಗೆ ಪಾಲಕರ ಲಾಕ್ ಸೌಲಭ್ಯ ಕೊಡಬೇಕೆಂದು 2021ರ ನಿಯಮಗಳು ಹೇಳುತ್ತವೆ. ಅದನ್ನು ಹಾಕಿಟ್ಟುಕೊಂಡು, ಮೊದಲು ತಾವೇ ಒಮ್ಮೆ ನೋಡಿ, ಹದಿನಾರರ ಮಗಳಿಗೆ ಹೂಂ ಎಂದು ಹದಿಮೂರರ ತಮ್ಮನಿಗೆ ಇನ್ನೆರಡು ವರ್ಷ ತಡೆ ಎಂದರೆ, ಅವನು ಮುನಿಸಿಕೊಂಡರೂ ಅದರಲ್ಲಿ ಅನ್ಯಾಯವೇನಿಲ್ಲ.